ದರ್ಜಿಯ ಸೈಕಲ್ ಸವಾರಿ

ದರ್ಜಿಗೆ ಸೂಜಿಯೆಂದರೆ ಪ್ರಾಣಭಯ. ಬಟ್ಟೆಗೆ ಚುಚ್ಚುವ ಸೂಜಿಯಲ್ಲ, ತನಗೆ ಚುಚ್ಚುವ ಸೂಜಿ. ಹಾಗಾಗಿ ಬೀದಿಯ ಕೊನೆಯ ವಾಚನಾಲಯದಲ್ಲಿ ಐವತ್ತು ದಾಟಿದ ಗಂಡಸರಿಗೆ ರಕ್ತ ತೆಗೆದು ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆ ಮಾಡುವ ಶಿಬಿರ ಶುರುವಾದ ಬೆಳಿಗ್ಗೆ ಅವನು ತಲೆಯೆತ್ತದೆ ಗುಂಡಿ ಹೊಲಿಯುತ್ತ ಕೂತಿದ್ದ.

"ನಿಮ್ಮಣ್ಣನಿಗೆ ಬಂದಿತ್ತು, ಮರೆತ್ರಾ? ಬೇಗ ಗೊತ್ತಾಗಿದ್ದಕ್ಕೆ ಇವತ್ತು ಗುಂಡುಕಲ್ಲಿನ ಹಾಗಿದ್ದಾರೆ" ಎಂದಳು ಹೆಂಡತಿ. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಪಕ್ಕದಂಗಡಿಯ ಕ್ಷೌರಿಕ, ಎದುರುಮನೆಯ ನಿವೃತ್ತ ಮೇಷ್ಟ್ರು ಇಬ್ಬರೂ ಹಾಜರು. "ಗಂಡಸರಲ್ಲಿ ಇದು ಅಪರೂಪವೇನಲ್ಲ ಕಣಯ್ಯ. ಮೊದಲೇ ಸಿಕ್ಕರೆ ಹೆಚ್ಚುಕಮ್ಮಿ ಎಲ್ಲರೂ ಗೆದ್ದು ಬರ್ತಾರೆ" ಎಂದರು ಮೇಷ್ಟ್ರು.

"ತಪಾಸಣೆ ಕಡ್ಡಾಯ ಅಲ್ಲ ಅಂತ ಬೋರ್ಡಲ್ಲೇ ಇದೆ. ಡಾಕ್ಟರ ಹತ್ರ ಮಾತಾಡಿ ನಾವೇ ತೀರ್ಮಾನ ಮಾಡ್ಬೇಕಂತೆ" ಎಂದ ದರ್ಜಿ.

"ಸರ್ಕಾರಕ್ಕೆ ಕಡ್ಡಾಯ ಅಲ್ಲ, ನನಗೆ ಕಡ್ಡಾಯ" ಎಂದಳು ಹೆಂಡತಿ.

ದರ್ಜಿ ಸೈಕಲ್ ಹತ್ತಿ ಹೊರಟ. ಶಿಬಿರದ ಡಾಕ್ಟರಮ್ಮ ಅವನ ಬೆವರು ನೋಡಿ, "ಸೈಕಲ್ ತುಳಿದು ಬಂದ್ರಾ? ಹಾಗಾದ್ರೆ ಇವತ್ತು ಬೇಡ. ಅದರಿಂದ ರಕ್ತದ ಫಲಿತಾಂಶ ಏರುಪೇರಾಗಬಹುದು. ಎರಡು ದಿನ ಸೈಕಲ್ ಮುಟ್ಟದೆ ಭಾನುವಾರ ಬನ್ನಿ, ಅವತ್ತೇ ಶಿಬಿರ ಮುಗಿಯುತ್ತೆ" ಎಂದರು.

ದರ್ಜಿಗೆ ಸ್ವರ್ಗಕ್ಕೆ ಮೂರೇ ಗೇಣು. ಭಾನುವಾರದವರೆಗೆ ಸೈಕಲ್ ಇಳಿಯದಿದ್ದರಾಯಿತು. ಹೊಲಿದ ಬಟ್ಟೆಗಳನ್ನೆಲ್ಲ ಹೇರಿಕೊಂಡು, ಬೆಲ್ ಬಾರಿಸುತ್ತ ಊರೆಲ್ಲ ಸುತ್ತಿದ. ಆತುರದಲ್ಲಿ ಕಡ್ಡಿಯಂಥ ಪೋಸ್ಟ್‌ಮನ್ನಿಗೆ ಬೇಕರಿಯವನ ಪ್ಯಾಂಟು ಹೋಯಿತು. ಬೇಕರಿಯವನು ಪೋಸ್ಟ್‌ಮನ್ನಿನ ಪ್ಯಾಂಟಿನೊಳಗೆ ಒಂದು ಕಾಲು ತೂರಿಸಿ, ತೆಗೆಯಲಾರದೆ ಬೈಯುತ್ತ ಕುಂಟಿದ. ಚೈನು ಕಳಚಿದಾಗ ಕ್ಷೌರಿಕ ಹಾಕಿಕೊಟ್ಟ. ಗಾಳಿ ಇಳಿದಾಗ ಮೇಷ್ಟ್ರು ಪಂಪು ಹೊಡೆದರು. "ಈ ವಯಸ್ಸಲ್ಲಿ ಏನು ಕಸುವು!" ಎಂದು ಬೀದಿಗೆ ಬೀದಿಯೇ ಬೆರಗಾಯಿತು.

ಅವತ್ತೇ ಸಂಜೆ ಅಂಗಡಿಗೆ ಬಂದರೆ ಡಾಕ್ಟರಮ್ಮ ಕೂತಿದ್ದರು.

"ನಾಚಿಕೆಗೆ ಗಂಡಸರು ಶಿಬಿರಕ್ಕೆ ಬರ್ತಾನೇ ಇಲ್ಲ. ನಿಮ್ಮಂಥ ಗಟ್ಟಿಗರೇ ಪರೀಕ್ಷೆ ಮಾಡಿಸಿಕೊಂಡ್ರೆ ಎಲ್ಲರೂ ಬರ್ತಾರೆ. ಭಾನುವಾರ ವೇದಿಕೆ ಮೇಲೆ ಮೊದಲ ರಕ್ತ ನಿಮ್ಮದೇ. ನಿಮ್ಮ ಮನೆಯವರೇ ಬಂದು ಈ ಉಪಾಯ ಹೇಳಿದ್ರು. ಬಲವಂತ ಏನಿಲ್ಲ, ತೀರ್ಮಾನ ನಿಮ್ಮದು."

ದರ್ಜಿ ಸುತ್ತ ನೋಡಿದ. ಬಾಗಿಲ ತುಂಬ ಜನ. "ಆಗಲಿ... ಆದ್ರೆ ನನ್ನ ಸೈಕಲ್ಲು..."

"ಅದನ್ನೂ ಒರೆಸಿ ವೇದಿಕೆ ಮೇಲೆ ನಿಲ್ಲಿಸ್ತೀವಿ" ಎಂದರು ಡಾಕ್ಟರಮ್ಮ. ಕ್ಷೌರಿಕ ಆಗಲೇ ಸೈಕಲ್ ತಳ್ಳಿಕೊಂಡು ವಾಚನಾಲಯದ ದಾರಿ ಹಿಡಿದಿದ್ದ.

ಹೆಂಡತಿ ಹೊಸ ಬಿಳಿ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಭಾನುವಾರಕ್ಕೆ ಒಂದು ಅಂಗಿ ಹೊಲಿದುಕೊಳ್ಳಿ. ತೋಳು ಗಿಡ್ಡ ಇರಲಿ, ಡಾಕ್ಟರಿಗೆ ಅನುಕೂಲ."