ಬೇವಿನಗಿಡದ ತಿರುವಿನವರು ಸೋಮವಾರದೊಳಗೆ ನೆಟ್ಟಗಾಗುವ ಕುರಿತು

ಇರಕಲ್ಲಗಡದ ರಸ್ತೆಯಲ್ಲಿ ಬೇವಿನಗಿಡದ ಹತ್ತಿರ ಬಲಕ್ಕೆ ಹೊರಳಿ ಹಗಲಿರುಳು ಮಲಗಿರುವ ಮಾನ್ಯ ತಿರುವಿನವರೇ,

ತಮ್ಮ ಡಾಂಬರು ತಂಪಾಗಿರಲಿ, ತಮ್ಮ ಅಂಚಿನ ಜಾಲಿ ಹಸಿರಾಗಿರಲಿ ಎಂದು ಹಾರೈಸಿ, ಏಳನೆಯ ಇಯತ್ತೆಯವರೆಗೆ ಓದಿ, ಮೂವತ್ತು ವರ್ಷದಿಂದ ಮೋಟರ್‌ಸೈಕಲ್ ಹೊಡೆದು, ಕುಷ್ಟಗಿಯಿಂದ ಗಂಗಾವತಿಯವರೆಗೆ ನನ್ನನ್ನು ಹಿಂದೆ ಹಾಕಿದ ಗಂಡಸನ್ನು ಇನ್ನೂ ಕಾಣದ ಹೊನ್ನೂರಪ್ಪನಾದ ನಾನು, ಪಟ್ಟಿ ಕಟ್ಟಿದ ಮೊಣಕಾಲನ್ನು ಹೊರಸಿನ ಮೇಲೆ ಚಾಚಿಕೊಂಡು ಬರೆಯುವ ಬಿನ್ನಹವೇನೆಂದರೆ, ಕಳೆದ ಬುಧವಾರ ಮುಂಜಾನೆ ತಾವು ನನ್ನನ್ನು ಕೆಡವಿದ್ದು ಸರಿಯಲ್ಲ.

ತಮ್ಮ ದೊಡ್ಡಸ್ತಿಕೆಯನ್ನು ನಾನು ಅಲ್ಲಗಳೆಯುವವನಲ್ಲ. ನೂಲು ಹಿಡಿದು ಎಳೆದಂತೆ ಬಂದ ನಮ್ಮೂರ ರಸ್ತೆಗೆ ಬಾಗುವ ವಿದ್ಯೆ ಕಲಿಸಿದವರು ತಾವೊಬ್ಬರೇ. ಮಾಸ್ತರರ ಮುಂದೆ ಬಾಗದವರು, ಬೀಗರ ಮುಂದೆ ಬಾಗದವರು, ಹೆಂಡತಿಯ ಮುಂದೆ ಬಾಗಿದರೂ ಒಪ್ಪಿಕೊಳ್ಳದವರು, ಎಲ್ಲರೂ ತಮ್ಮೆದುರು ಒಂದಲ್ಲ ಒಂದು ದಿನ ಉದ್ದಂಡ ನಮಸ್ಕಾರ ಹಾಕಿದ್ದಾರೆ. ಇಷ್ಟು ಭಕ್ತರು ಸಾಲದೆಂದು ನನ್ನಂಥ ಹಳೆಯ ಸವಾರನ ಮೇಲೂ ತಮ್ಮ ಕಣ್ಣು ಬೀಳಬೇಕಿತ್ತೇ ಸ್ವಾಮಿ?

ಅಂದು ನಾನು ಅರವತ್ತರ ವೇಗದಲ್ಲಿ ಬಂದದ್ದು ನಿಜ, ತಮ್ಮಾಚೆಯ ಚಹಾದಂಗಡಿಯಲ್ಲಿ ಕುಳಿತಿದ್ದ ಅಮರಪ್ಪನಿಗೆ ಎಡಗೈ ಎತ್ತಿ ಸಲಾಮು ಹೊಡೆದದ್ದೂ ನಿಜ. ಇಷ್ಟನ್ನೂ ಮಾಡದವನು ಸವಾರನಾದರೂ ಹೇಗಾದಾನು? ಅಷ್ಟರಲ್ಲಿ ಎದುರಿಗೆ ಬೇವಿನಗಿಡ ಬಂತು. ಅದಕ್ಕೆ ಗುದ್ದಬಾರದು, ಗುದ್ದಬಾರದು ಎಂದು ನಾನು ಕಣ್ಣು ನೆಟ್ಟು ಅದನ್ನೇ ನೋಡಿದೆ. ಗಾಡಿಯೋ, ಕಣ್ಣಿ ಬಿಚ್ಚಿದ ಕರು ತಾಯಿಯ ಕಡೆ ಓಡುವಂತೆ ಅದರ ಕಡೆಗೇ ಓಡಿತು. ಗಾಬರಿಯಲ್ಲಿ ಮುಂದಿನ ಬ್ರೇಕು ಹಿಂಡಿದೆ. ಗಾಲಿಯ ಕೆಳಗೆ, ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಯಾರೋ ಪುಣ್ಯಾತ್ಮರು ಹಾಸಿದ್ದ ಹುರುಳಿ. ಮುಂದಿನದನ್ನು ತಾವೇ ಬಲ್ಲಿರಿ. ಅಮರಪ್ಪ ಓಡಿ ಬಂದವನು ನನ್ನನ್ನು ಎತ್ತುವ ಮೊದಲೇ, “ಯಾಕೋ ಹೊನ್ನೂರಪ್ಪ, ಇವತ್ತ ಸಲಾಮು ಮಲಗಿ ಹೊಡ್ಯಾಕ ಹತ್ತೀಯಲ್ಲ!” ಎಂದದ್ದಕ್ಕೂ ತಾವೇ ಸಾಕ್ಷಿ.

ಇರಕಲ್ಲಗಡದ ದವಾಖಾನೆಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು ದೀಪಿಕಾ, ಮೊಣಕಾಲಿನಿಂದ ಹರಳು ಆರಿಸುತ್ತ ಆರಿಸುತ್ತ ನನಗೆ ಪಾಠ ಹೇಳಿದಳು. “ಮಾವ, ವಾರಕ್ಕ ಮೂರು ಮಂದಿ ಬರ್ತಾರ, ಮೂರೂ ಮಂದಿದೂ ಒಂದ ಕಥಿ. ಓಟ ಕಡಿಮಿ ಮಾಡೋದು ತಿರುವಿಗೆ ಮೊದಲ, ತಿರುವಿನಾಗಲ್ಲ. ನೋಡೋದು ಗಿಡ ಅಲ್ಲ, ರಸ್ತಿ ಎಲ್ಲಿ ಹೊರಗ ಬೀಳತೈತಿ ಅದನ್ನ. ಬಲಕ್ಕ ಹೋಗಬೇಕಂದ್ರ ಬಲಗೈಲೆ ಹ್ಯಾಂಡಲ್ ಮೆತ್ತಗ ಮುಂದಕ್ಕ ಒತ್ತು, ಗಾಡಿ ತಾನ ಬಲಕ್ಕ ಬಾಗತೈತಿ.” ಬಲಕ್ಕೆ ಹೋಗಲು ಬಲಗೈಯನ್ನು ಮುಂದಕ್ಕೆ ಒತ್ತುವುದು, ಅಂದರೆ ಬಲಗಡೆಯ ಹಗ್ಗ ಸಡಿಲ ಬಿಟ್ಟು ಎತ್ತನ್ನು ಬಲಕ್ಕೆ ಹೊರಳಿಸಿದಂತೆ! ನಾನು ನಕ್ಕೆ. ಆಗ ಅವಳು, “ನಾ ಸಣ್ಣಾಕಿದ್ದಾಗ ನೇಗಿಲ ಹಿಂದ ನಿಲ್ಲಿಸಿ ನೀನ ಹೇಳಿಲ್ಲೇನು? ಎತ್ತಿನ ಕಾಲು ನೋಡಿದ್ರ ಸಾಲು ಸೊಟ್ಟ ಬೀಳತೈತಿ, ಬದುವಿನ ಬನ್ನಿಗಿಡ ನೋಡು ಅಂತ?” ಎಂದು ಕೇಳಿದಳು. ಅಲ್ಲಿಗೆ ನನ್ನ ನಗು ನಿಂತಿತು. ಅಯೋಡಿನ್ ಉರಿಯಿತೆಂದು ನೆಪ ಹೇಳಿದೆ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನ್ನ ಹೆಂಡತಿ ಹುಲಿಗವ್ವ ಗಾಡಿಯ ಕೀಲಿಯನ್ನು ತನ್ನ ಎಲೆಯಡಿಕೆ ಚೀಲದೊಳಗೆ ಹಾಕಿಕೊಂಡಿದ್ದಾಳೆ. ಅವಳ ಷರತ್ತೆಂದರೆ, ಬರುವ ಸೋಮವಾರ ಮುಂಜಾನೆ ನಾನು ದೀಪಿಕಾಳನ್ನು ಹಿಂದೆ ಕೂರಿಸಿಕೊಂಡು ತಮ್ಮನ್ನು ಸರಿಯಾಗಿ ದಾಟಬೇಕು. ದೀಪಿಕಾ ಪಾಸು ಎಂದರೆ ಕೀಲಿ ನನಗೆ, ಇಲ್ಲದಿದ್ದರೆ ಇನ್ನು ಮುಂದೆ ಸಂತೆಗೂ ಹೊಲಕ್ಕೂ ನಾನು ಅವಳ ಸ್ಕೂಟಿಯ ಹಿಂದೆ ಕೈಚೀಲ ಹಿಡಿದು ಕೂರತಕ್ಕದ್ದು. ಯಲಬುರ್ಗಾದ ಬೀಗರು ಅದನ್ನು ಕಂಡರೆ ನನ್ನ ಮೀಸೆಯನ್ನು ನಾನು ಎಲ್ಲಿ ಬಚ್ಚಿಡಲಿ?

ಆದ್ದರಿಂದ ದಯಾಳುಗಳಾದ ತಾವು ಸೋಮವಾರ ಎಂಟರಿಂದ ಒಂಬತ್ತರವರೆಗೆ, ಕೇವಲ ಒಂದು ತಾಸು, ಸೊಂಟ ನೆಟ್ಟಗೆ ಮಾಡಿಕೊಂಡು ಮಲಗಬೇಕು. ಅದು ಆಗದಿದ್ದರೆ ಬೇವಿನಗಿಡವನ್ನಾದರೂ ಹತ್ತು ಮಾರು ಹಿಂದಕ್ಕೆ ಸರಿಯಲು ಹೇಳಬೇಕು. ಅದೂ ಆಗದಿದ್ದರೆ ಅಮರಪ್ಪನನ್ನಾದರೂ ಅಂದು ಬೇರೆ ಊರಿಗೆ ಕಳಿಸಬೇಕು. ಮೂರೂ ಆಗದ ಪಕ್ಷದಲ್ಲಿ, ನನ್ನನ್ನು ಬೇಕಾದರೆ ಇನ್ನೊಮ್ಮೆ ಕೆಡವಿರಿ, ಮೊಣಕಾಲು ಇನ್ನೊಂದಿದೆ; ಆದರೆ ಹಿಂದೆ ಕುಳಿತ ಹುಡುಗಿಯ ಮೈಗೆ ಒಂದು ಹರಳೂ ತಾಗಕೂಡದು. ಅಂದು ನಾನು ನಲವತ್ತಕ್ಕೂ ಕಡಿಮೆ ಬರುತ್ತೇನೆ, ಎರಡೂ ಕೈ ಹ್ಯಾಂಡಲ್ ಮೇಲಿರುತ್ತವೆ. ಇದನ್ನು ಹೆದರಿಕೆ ಎಂದು ತಾವು ತಿಳಿಯಬಾರದು, ದೊಡ್ಡವರಿಗೆ ಕೊಡುವ ಮರ್ಯಾದೆ ಎಂದು ತಿಳಿಯಬೇಕು.

ಈ ಪತ್ರವನ್ನು ಬೇವಿನಗಿಡಕ್ಕೇ ಅಂಟಿಸುವವನಿದ್ದೆ. ಇದನ್ನು ನೋಡುತ್ತ ಬಂದವರೆಲ್ಲ ಗಿಡಕ್ಕೇ ಬಂದು ಬೀಳುತ್ತಾರೆಂದು ದೀಪಿಕಾ ಎಚ್ಚರಿಸಿದ್ದರಿಂದ ಚಹಾದಂಗಡಿಯ ಗೋಡೆಗೆ ಹಚ್ಚಿಸಿದ್ದೇನೆ.

ತಮ್ಮ ಮುಂದೆ ಒಮ್ಮೆ ಮಾತ್ರ ಬಿದ್ದ, ತಮ್ಮ ವಿಶ್ವಾಸಿ,
ಹೊನ್ನೂರಪ್ಪ

ತಾ.ಕ.: ಇಂದು ಮುಂಜಾನೆ ಏಳಕ್ಕೆ, ದವಾಖಾನೆಗೆ ಹೊರಟ ದೀಪಿಕಾಳ ಸ್ಕೂಟಿ ಬರುವ ಮೊದಲೇ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ ಕಸಬರಿಗೆ ಹಿಡಿದು ಕುಂಟುತ್ತ ಬಂದು ತಮ್ಮ ಮೈಮೇಲಿನ ಹುರುಳಿಯನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿಕೊಂಡು ಹೋದದ್ದನ್ನು ತಾವು ನೋಡಿದ್ದೀರಿ. ಹಾಸಿದವನೂ ಅವನೇ ಎಂಬುದು ತಮಗೂ ಅವನಿಗೂ ಬಿಟ್ಟರೆ ಯಾರಿಗೂ ತಿಳಿದಿಲ್ಲ. ಹುಲಿಗವ್ವ ಬಂದು ವಿಚಾರಿಸಿದರೆ ಅಮರಪ್ಪನ ಹೆಸರು ಹೇಳತಕ್ಕದ್ದು.