ಮಾವನವರು ಕಂಡ ಡೆನ್ಮಾರ್ಕಿನ ಗೋಡೆ

ವಿವರಿಸುವ ಭರದಲ್ಲಿ ನನ್ನ ಬೆರಳು ಚಿತ್ರಕ್ಕೆ ತಗುಲಿ ಅಲಾರಮ್ ಹೊಡೆದುಕೊಳ್ಳಬಹುದಿತ್ತು. ಮೊದಲ ವಾಕ್ಯದಲ್ಲೇ ಒಣಕೆಮ್ಮು ಹತ್ತಬಹುದಿತ್ತು. ಚಿತ್ರಕಾರನ ಹೆಸರು ಗಂಟಲಲ್ಲಿ ಸಿಕ್ಕಿಕೊಂಡು ಬೇರೆ ಯಾರದೋ ಹೆಸರಾಗಿ ಹೊರಬರಬಹುದಿತ್ತು. ಗುಂಪಿನಲ್ಲೊಬ್ಬ ಅಸಲಿ ಡೆನ್ಮಾರ್ಕಿನವನಿದ್ದು ಮೀಸೆಯಡಿಯಲ್ಲಿ ನಗಬಹುದಿತ್ತು. ಯಾರೂ ಬಾರದೆ ನಾನು ಗೋಡೆಗೇ ಭಾಷಣ ಮಾಡಬೇಕಾಗಬಹುದಿತ್ತು. ಪ್ಯಾಂಟಿನ ಜಿಪ್ಪಿನ ಸಂಗತಿಯಂತೂ ಇದ್ದೇ ಇದೆ. ಹೀಗೆ ಹದಿನೇಳು ಆತಂಕಗಳನ್ನು ಕರೆಂಟ್ ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಂಡಿದ್ದೆ. ನನ್ನ ಹೆಂಡತಿ ಸುಧಾ ಅದನ್ನು ಓದಿ, "ಭೂಕಂಪಾನೂ ಬರ್ಕೊಂಡಿದೀರಲ್ರೀ! ಪರ್ತ್‌ನಲ್ಲಿ ನಿಮ್ಮ ಗಣಿ ಮುಚ್ಚೋದನ್ನ ಮಾತ್ರ ಯಾವ ಪಟ್ಟೀಲೂ ಬರೆದಿರ್ಲಿಲ್ಲ, ಅಲ್ವಾ?" ಎಂದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾದವರಿಗೆ ಎಲ್ಲಿ ಚುಚ್ಚಬೇಕೆಂದು ಹೇಳಿಕೊಡಬೇಕಾಗಿಲ್ಲ.

ಮಾತು ನಿಜ. ಪರ್ತ್‌ನಲ್ಲಿ ಭೂವಿಜ್ಞಾನಿಯಾಗಿ ಕಲ್ಲು ನೋಡಿಯೇ ಸಂಬಳ ತೆಗೆದುಕೊಳ್ಳುತ್ತಿದ್ದ ನಾನು, ಗಣಿ ಮುಚ್ಚಿದ ಮೇಲೆ ಸುಧಾಳ ಕೆಲಸದ ಬಾಲ ಹಿಡಿದು ಅಡಿಲೇಡಿಗೆ ಬಂದೆ. ಅಲ್ಲಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನೂರು ವರ್ಷ ಹಳೆಯ ಕಲ್ಲುಮನೆ ಕೊಂಡೆವು. ಒಂದು ವರ್ಷ ನಾನು ಅರ್ಜಿ ಹಾಕಿದೆ, ಸೊಪ್ಪು ಸೋಸಿದೆ, ಕನ್ನಡ ಸಂಘದ ಊಟಗಳಲ್ಲಿ "ಈಗ ಏನ್ಮಾಡ್ಕೊಂಡಿದೀರಿ?" ಎಂಬ ಪ್ರಶ್ನೆ ಬರುವ ಮೊದಲೇ ಎದ್ದು ಮಜ್ಜಿಗೆ ತರಲು ಹೋದೆ. ಕೊನೆಗೆ ಊರಿನ ಒಂದು ಸಣ್ಣ ಚಿತ್ರಶಾಲೆ ನನ್ನನ್ನು ಸ್ವಯಂಸೇವಕ ಗೈಡ್ ಆಗಿ ಪರೀಕ್ಷಿಸಲು ಒಪ್ಪಿತು. ಒಂದೇ ಚಿತ್ರ, ಇಪ್ಪತ್ತು ನಿಮಿಷ. ಮೇಲ್ವಿಚಾರಕಿ ಜೂಡಿಗೆ ಮೆಚ್ಚುಗೆಯಾದರೆ ಪ್ರತಿ ಶನಿವಾರ ಕೆಲಸ, ಎದೆಯ ಮೇಲೆ ಬ್ಯಾಡ್ಜು. ಬ್ರಿಸ್ಬೇನ್‌ನಲ್ಲಿರುವ ಮಗಳು ಫೋನಿನಲ್ಲಿ "ಚಿಲ್, ಅಪ್ಪಾ. ಇಟ್ಸ್ ಜಸ್ಟ್ ಅ ಪೇಂಟಿಂಗ್" ಎಂದಳು. ಅವಳಿಗೇನು, ಅವಳ ಕತ್ತಿನಲ್ಲಿ ಆಫೀಸಿನ ಬ್ಯಾಡ್ಜು ದಿನವೂ ನೇತಾಡುತ್ತದೆ.

ಚಿತ್ರ ಡೆನ್ಮಾರ್ಕಿನದು. ಉಳಿದವರೆಲ್ಲ ಅರಮನೆ, ದೇವದೂತರು ಎಂದು ಬರೆಯುತ್ತಿದ್ದ ಕಾಲದಲ್ಲಿ ಈ ಪುಣ್ಯಾತ್ಮ ತನ್ನೂರಿನ ಹಿತ್ತಲ ಓಣಿಯನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದ. ಕಲ್ಲು ಹಾಸಿದ ನೆಲ, ನಡುವೆ ಚರಂಡಿ, ಬಟ್ಟೆ ಹರವುತ್ತಿರುವ ಹೆಂಗಸು, ಬಲಕ್ಕೊಂದು ದೊಡ್ಡ ಗೋಡೆ. ಆ ಗೋಡೆಯ ಬುಡದಲ್ಲೊಂದು ಕಂದು ಕಲೆ. ಅದರ ಬಗ್ಗೆ ನಾನು ಎರಡು ವಾರ ಕೂತು ಒಂದು ವಾಕ್ಯ ಕಡೆದಿದ್ದೆ: "ಇದು ನೆರಳಲ್ಲ, ಕಾಲವೇ ಗೋಡೆಗೊರಗಿ ದಣಿವಾರಿಸಿಕೊಂಡ ಗುರುತು." ಕನ್ನಡಿಯ ಮುಂದೆ ಹೇಳಿಕೊಂಡಾಗ ನನಗೇ ಕಣ್ಣು ತುಂಬಿತ್ತು.

ಹೊರಡುವ ಹೊತ್ತಿಗೆ ಸುಧಾ, "ಅಪ್ಪನ್ನೂ ಕರ್ಕೊಂಡ್ಹೋಗಿ. ಪಾಪ, ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಾರೆ" ಎಂದಳು. ಇದು ಅಕ್ಷರಶಃ ಸತ್ಯ. ಮೈಸೂರಿನಲ್ಲಿ ಮೂವತ್ತು ವರ್ಷ ಓವರ್ಸಿಯರ್ ಆಗಿದ್ದು, ಜನರ ಮನೆಯ ನಕ್ಷೆಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದ ನನ್ನ ಮಾವನವರು, ಊರಿಂದ ನಮ್ಮಲ್ಲಿಗೆ ಬಂದ ದಿನದಿಂದಲೂ ನಮ್ಮ ಬೆಡ್‌ರೂಮಿನ ಬೀರುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು "ಅಳಿಯಂದ್ರೇ, ಇಲ್ಲೇನೋ ಇದೆ" ಎನ್ನುತ್ತಿದ್ದರು. "ಹಳೇ ಮನೆ ಮಾವ, ಅದೇ ಅದರ ಸೊಗಸು" ಎಂದು ನಾನು ಮೂರು ವಾರದಿಂದ ತೇಲಿಸುತ್ತಿದ್ದೆ.

ಆವತ್ತು ಹನ್ನೊಂದು ಜನ ಸೇರಿದ್ದರು, ಎಲ್ಲರೂ ಊರಿನ ಹಿರಿಯರು. ಜೂಡಿ ಹಿಂದೆ ಪ್ಯಾಡು ಹಿಡಿದು ನಿಂತಿದ್ದಳು. ಕೆಮ್ಮು ಬರಲಿಲ್ಲ, ಚಿತ್ರಕಾರನ ಹೆಸರು ನಾಲಿಗೆಯಲ್ಲಿ ಸಲೀಸಾಗಿ ಹೊರಳಿತು. ದಣಿವಾರಿಸಿಕೊಂಡ ಕಾಲದ ವಾಕ್ಯವನ್ನೂ ಹೇಳಿ, ಮೌನ ಆವರಿಸಲೆಂದು ಒಂದು ಕ್ಷಣ ಬಿಟ್ಟೆ. ಆ ಮೌನದೊಳಕ್ಕೆ ಮಾವನವರು ನುಗ್ಗಿದರು.

"ಕಾಲಾನೂ ಅಲ್ಲ, ನೆರಳೂ ಅಲ್ಲ ಕಣ್ರೀ ಅಳಿಯಂದ್ರೇ. ಅದು ತೇವ!"

"ಮಾವ, ಆಮೇಲೆ ಮಾತಾಡೋಣ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಆಮೇಲೆ ಏನು? ಚರಂಡಿ ವಾಟ ನೋಡಿ, ನೀರೆಲ್ಲ ತಂದು ಆ ಗೋಡೆ ಬುಡಕ್ಕೇ ಸುರೀತಿದೆ. ಮೇಲ್ಗಡೆ ಬಿಳೀ ಗೆರೆ ಕಾಣ್ತಿದ್ಯಾ? ಉಪ್ಪು ಕಕ್ಕಿದೆ. ಗಾರೆ ಉದುರಿದೆ. ನನ್ನ ಕೈಲಿ ಈ ನಕ್ಷೆ ಪಾಸಾಗ್ತಿರ್ಲಿಲ್ಲ!"

ಮುಂದೆ ನಿಂತಿದ್ದ ಮುದುಕಿಯೊಬ್ಬಳು ಅವರೇನು ಹೇಳುತ್ತಿದ್ದಾರೆಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. ಆದರೆ ಮಾವನವರಿಗೆ ಇಂಗ್ಲಿಷ್ ಮಾತಾಡಲು ಸಂಕೋಚವೇ ಹೊರತು ಚೆನ್ನಾಗಿಯೇ ಅರ್ಥವಾಗುತ್ತದೆ. ಹೇಳಿದೆ. ನನ್ನ ಬಾಯಿಂದ "ಸಾಲ್ಟ್ ಡ್ಯಾಂಪ್" ಎಂಬೆರಡು ಪದ ಬಿದ್ದದ್ದೇ ತಡ, ಹನ್ನೊಂದು ಜನರಿಗೂ ಜೀವ ಬಂತು. ಅಡಿಲೇಡಿನ ಹಳೆಯ ಕಲ್ಲುಮನೆಗಳಲ್ಲಿ ನೆಲದ ಉಪ್ಪುನೀರು ಗೋಡೆಯೇರುವ ಈ ರೋಗ ನಮ್ಮೂರಿನ ಮಂಡಿನೋವಿದ್ದಂತೆ. ಇಲ್ಲದವರಿಲ್ಲ, ಅದರ ಬಗ್ಗೆ ಮಾತಾಡಿ ದಣಿದವರೂ ಇಲ್ಲ. ಕಾಲ ದಣಿವಾರಿಸಿಕೊಂಡಾಗ ಗಡಿಯಾರ ನೋಡಿಕೊಂಡಿದ್ದ ಪಕ್ಕದ ಕಿಲ್ಬರ್ನ್ ಬಡಾವಣೆಯ ಮನುಷ್ಯನೊಬ್ಬ ಈಗ ಫೋನಿನಲ್ಲಿ ತನ್ನ ಅಡುಗೆಮನೆಯ ಗೋಡೆಯ ಚಿತ್ರ ತೆರೆದು ಮಾವನವರ ಮೂಗಿಗೆ ಹಿಡಿದ. ಡೆನ್ಮಾರ್ಕಿನ ಚಿತ್ರಕ್ಕೆ ಬೆನ್ನು, ಫೋನಿಗೆ ಹನ್ನೊಂದು ತಲೆ.

"ಸಿಮೆಂಟ್ ಬಳಿಸಿದಾನಲ್ಲ, ಪೆದ್ದ! ಸುಣ್ಣದ ಗಾರೆ ಹಾಕಕ್ಕೆ ಹೇಳಿ" ಎಂದರು ಮಾವನವರು. ಪೆದ್ದ ಎಂಬುದೊಂದನ್ನು ನುಂಗಿ ಉಳಿದದ್ದನ್ನು ಇಂಗ್ಲಿಷಿಗಿಳಿಸಿದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದೇನು ಕಲೆಯೋ, ರಿಪೇರಿ ಅಂಗಡಿಯೋ? ನನ್ನ ಎರಡು ವಾರದ ವಾಕ್ಯಕ್ಕೆ ಬೆಲೆಯಿಲ್ಲ, ಚರಂಡಿಗೆ ಇದೆ! ಇಪ್ಪತ್ತು ನಿಮಿಷ ಐವತ್ತಾಯಿತು. ಕೊನೆಗೆ ಆ ಮುದುಕಿ ನನ್ನ ಕೈ ಹಿಡಿದು, ಇಷ್ಟು ಚೆನ್ನಾಗಿ ಅನುವಾದಿಸುವವರು ಸಿಗುವುದು ಕಷ್ಟ ಎಂದಳು.

ಮನೆಗೆ ಬಂದವನು ಸೀದಾ ಹೋಗಿ ಬೀರುವನ್ನು ಎಳೆದೆ. ಹಿಂದೆ, ಮಂಡಿಯೆತ್ತರಕ್ಕೆ, ಡೆನ್ಮಾರ್ಕಿನದೇ ಕಲೆ, ಮೇಲೆ ಅದೇ ಬಿಳೀ ಗೆರೆ. ಇಪ್ಪತ್ತು ವರ್ಷ ಕಲ್ಲು ನೋಡಿ ಉಂಡವನ ತಲೆದಿಂಬಿನಿಂದ ಎರಡಡಿ ದೂರದಲ್ಲಿ. ಆ ಚಿತ್ರಕಾರ ಇದ್ದದ್ದು ಇದ್ದ ಹಾಗೆ ಬರೆದಿದ್ದ, ಮಾವನವರು ಇದ್ದದ್ದು ಇದ್ದ ಹಾಗೆ ನೋಡಿದ್ದರು. ನಡುವೆ ಕಾಲವನ್ನು ತಂದು ಒರಗಿಸಿದವನು ನಾನೊಬ್ಬನೇ. ಬಾಗಿಲಲ್ಲಿ ನಿಂತಿದ್ದ ಮಾವನವರು, "ಸೊಗಸಾಗಿದೆ, ಅಲ್ವಾ?" ಎಂದು ಟಾರ್ಚ್ ಆರಿಸಿದರು.

ಹದಿನೇಳರಲ್ಲಿ ಒಂದೂ ಆಗಲಿಲ್ಲ. ಭೂಕಂಪವಿಲ್ಲ, ಜಿಪ್ಪು ಭದ್ರ, ಜೂಡಿಗೆ ಪರಮಾನಂದ. ಮುಂದಿನ ಶನಿವಾರ ಅವಳೇ ಬ್ಯಾಡ್ಜು ತಂದುಕೊಟ್ಟಳು. ಒಂದಲ್ಲ, ಎರಡು. "ಗೈಡ್" ಎಂದಿದ್ದುದನ್ನು ಮಾವನವರ ಸ್ವೆಟರಿಗೆ ನಾನೇ ಚುಚ್ಚಿದೆ. ನನ್ನದರ ಮೇಲೆ "ದುಭಾಷಿ" ಎಂದಿತ್ತು.