ಎಮ್ಮೆಗೂ ಕೋಳಿಗೂ ನಾಲ್ಕೇ ಅಕ್ಷರ

ಸೂಜಿ ಹಿಡಿದು ಊರೂರು ತಿರುಗುವವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಎದುರು ಬರುತ್ತದೆ. ನಾನು ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಪ್ರಾಣಿಗಳ ರಕ್ತದ ಮಾದರಿ ತರುವವನು. ಪ್ರಯೋಗಾಲಯದ ಸಾಹೇಬರು ನನಗೆ ಬಾಯಿಪಾಠ ಮಾಡಿಸಿದ್ದು ಇಷ್ಟು: ಎಲ್ಲ ಜೀವಿಗಳ ವಂಶದ ಬರಹವಾದ ಡಿಎನ್‌ಎಯಲ್ಲೂ ಇರುವುದು ಅವೇ ನಾಲ್ಕು ಅಕ್ಷರ. ಯಾವ ಅಕ್ಷರ ಎಷ್ಟು ಎಂಬುದು ಮಾತ್ರ ಒಂದೊಂದು ಪ್ರಾಣಿಯ ವಂಶದಲ್ಲಿ ಒಂದೊಂದು ರೀತಿ ಬದಲಾಗುತ್ತ ಬಂದಿದೆ. ಅದನ್ನು ಹೋಲಿಸಿ ನೋಡಲು ಎಮ್ಮೆ, ಕುರಿ, ಕೋಳಿ ಮೂರೂ ಬೇಕು. ಮಾಲೀಕರ ಒಪ್ಪಿಗೆ ಕಾಗದವಿಲ್ಲದೆ ಒಂದು ಹನಿಯನ್ನೂ ತೆಗೆಯುವಂತಿಲ್ಲ.

೧. ಎಮ್ಮೆ

ಉಗಾರ ಬುದ್ರುಕದ ಕಬ್ಬಿನ ರೈತರೊಬ್ಬರು ನನ್ನ ಪಾಠವನ್ನು ಪೂರ್ತಿ ಕೇಳಿದರು. ನನ್ನ ಜೊತೆ ಅವರದು ಕನ್ನಡ, ಎಮ್ಮೆಯ ಜೊತೆ ಮರಾಠಿ.

"ಅಕ್ಷರ ಅಂದ್ರಲ್ಲ, ಕನ್ನಡದಾವೇನ್ರಿ, ಮರಾಠಿವೇನ್ರಿ?"

"ಎರಡೂ ಅಲ್ರಿ."

ಅವರು ಸಮಾಧಾನದಿಂದ ಎಮ್ಮೆಯ ಬೆನ್ನು ತಟ್ಟಿದರು. "ಛಲೋ ಆತು. ನಮ್ಮ ಮನ್ಯಾಗ ಇಕಿ ಒಬ್ಬಾಕಿರೆ ಗಡಿ ಜಗಳದಿಂದ ಪಾರಾದ್ಲು."

೨. ಕುರಿ

ದಿಗ್ಗೇವಾಡಿಯ ಕುರಿಗಾರನಿಗೆ ಭಾಷೆಯ ಚಿಂತೆ ಇರಲಿಲ್ಲ. "ಸಾಹೇಬ್ರ, ತ್ವಾಳದಾಗೂ ಅವ ನಾಲ್ಕ ಅಕ್ಷರ ಏನ್ರಿ?" ಎಂದ. ತೋಳದಲ್ಲೂ ಅವೇ ಎಂದೆ.

ಅವನು ಹೆಗಲ ಕಂಬಳಿ ಸರಿಮಾಡಿಕೊಂಡ.

"ಹಂಗಾರ ನಮ್ಮ ಕುರಿಗೆ ಬೀಗರಾದ್ರು. ಅದಕ್ಕ ಕರೀದಿದ್ರೂ ಊಟಕ್ಕ ಬರ್ತಾರ."

೩. ಕೋಳಿ

ಸಾಹೇಬರು ಕೊಟ್ಟ ಗಡುವು ಅಂದಿಗೇ ಮುಗಿಯುತ್ತಿತ್ತು, ಕೋಳಿಯೊಂದೇ ಬಾಕಿ. ಅದು ಸಿಗದಿದ್ದರೆ ಎಮ್ಮೆ, ಕುರಿಗೆ ಪಟ್ಟ ಶ್ರಮವೆಲ್ಲ ನೀರುಪಾಲು. ಬೇಡಕಿಹಾಳದ ಅಜ್ಜಿಯೊಬ್ಬಳ ಮನೆ ಕಟ್ಟೆಯ ಮೇಲೆ ಕೂತು ನಾಲ್ಕು ಅಕ್ಷರದ ಪಾಠ ಒಪ್ಪಿಸುವಾಗ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕೋಳಿ ಹಿಡಿದು ಕೊಡಲು ಅಜ್ಜಿಯದು ತಕರಾರಿಲ್ಲ. ಹೆಬ್ಬೆಟ್ಟು ಒತ್ತಲು ಮಾತ್ರ ಸುತರಾಂ ಒಪ್ಪಲಿಲ್ಲ.

"ಕಂಡಕಂಡ ಕಾಗದಕ್ಕ ಹೆಬ್ಬಟ್ಟ ಒತ್ತಬ್ಯಾಡ ಅಂತ ನಮ್ಮವ್ವ ಹೇಳಿ ಸತ್ತಾಳ, ತಮ್ಮಾ."

"ಸಹಿ ಮಾಡಿದ್ರೂ ನಡೀತೈತಿ, ಆಯಿ."

"ನಂಗ ಒಂದ ಅಕ್ಷರಾನೂ ಬರಂಗಿಲ್ಲ. ನಾಲ್ಕ ಅಕ್ಷರ ಇರೂದು ಕೋಳಿಯಾಗ ಅಂತ ನೀನ ಹೇಳಿದಿ. ಅದರ ಕಡಿಂದನ ಸಹಿ ಮಾಡಿಸ್ಕೊ."

ಹಾಗೆಂದವಳೇ ಕೋಳಿಯ ಕಾಲನ್ನು ನನ್ನ ಶಾಯಿ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಊರಿದಳು. ಮುಂದೆ ಮೂರು ಬೆರಳು, ಹಿಂದೆ ಒಂದು, ಅಚ್ಚುಕಟ್ಟಾಗಿ ಮೂಡಿದವು.

"ಎಣಿಸಿ ನೋಡ. ನಾಲ್ಕೂ ಬರದೈತಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆಯಿ, ಮನಷ್ಯಾರ ಗುರ್ತ ಇಲ್ಲಂದ್ರ ನಮ್ಮ ಸಾಹೇಬ್ರ ಒಪ್ಪಂಗಿಲ್ಲ," ಎಂದು ಕೈಮುಗಿದೆ.

ಅಜ್ಜಿಗೆ ಕನಿಕರ ಬಂತು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು, ಕೋಳಿಯ ಗುರುತಿನ ಕೆಳಗೆ ಗಟ್ಟಿಯಾಗಿ ಒತ್ತಿದಳು.

"ಸಹಿ ಕೋಳೀದು. ನಂದು ಬರೇ ಸಾಕ್ಷಿ."